ಡ್ರಾಯಿಂಗ್‌ನಲ್ಲಿ 7018 ವೆಲ್ಡಿಂಗ್ ರಾಡ್ ಅಂತಿದೆ, 6013 ಹಾಕಿದರೆ ನಡೆಯಲ್ವಾ?

ಪ್ರಶ್ನೆ: ಸರ್, ಊರು ಇಂಡಿ ಕಡೆ. ಪುಣೆಯ ಭೋಸರಿಯಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಇಷ್ಟು ದಿನ ಗೇಟು, ಗ್ರಿಲ್ಲು, ಪತ್ರಾ ಶೆಡ್ಡು ಮಾಡುತ್ತಿದ್ದೆ. ಈಗ ಚಾಕಣ್‌ನ ಒಂದು ಗೋದಾಮಿನಲ್ಲಿ ಮೆಜನೈನ್ (ನಡು ಮಹಡಿ) ಹಾಕುವ ಕೆಲಸ ಸಿಕ್ಕಿದೆ. ಕಂಬ ಐಎಸ್‌ಎಂಬಿ 300 (ಐ ಆಕಾರದ ಉಕ್ಕಿನ ತೊಲೆ), ತೊಲೆ ಐಎಸ್‌ಎಂಬಿ 250, ಬೇಸ್ ಪ್ಲೇಟ್ 25 ಮಿಮೀ, ಮೇಲೆ 6 ಮಿಮೀ ಚೆಕರ್ಡ್ ಪ್ಲೇಟ್. ಎಲ್ಲ ಐಎಸ್ 2062 ಇ250 ದರ್ಜೆಯ ಉಕ್ಕು. ಡ್ರಾಯಿಂಗ್‌ನಲ್ಲಿ ಎಲ್ಲ ವೆಲ್ಡಿಗೂ 7018 ಅಂತ ಬರೆದಿದ್ದಾರೆ. ನಮ್ಮ ವೆಲ್ಡರ್ ಹನ್ನೆರಡು ವರ್ಷದಿಂದ 6013 ಹೊಡೆಯುತ್ತಿದ್ದಾನೆ. 7018 ಅಂಟಿಕೊಳ್ಳುತ್ತೆ, ತೂತು ಬೀಳುತ್ತೆ, ಬೇಡ ಅಂತಾನೆ. ಮಶೀನ್ ಹಳೇ ಟ್ರಾನ್ಸ್‌ಫಾರ್ಮರ್. 6013 ಸಾಕಾಗಲ್ವಾ? ಯಾವ ಸೈಜ್ ರಾಡ್ ತರಲಿ?

ಉತ್ತರ:

ಮೊದಲು ನಿಮ್ಮ ವೆಲ್ಡರ್ ಪರವಾಗಿ ಒಂದು ಮಾತು. ಅವನು ಹೇಳುತ್ತಿರುವುದು ಸುಳ್ಳಲ್ಲ. ಹಳೇ ಟ್ರಾನ್ಸ್‌ಫಾರ್ಮರ್ ಮೇಲೆ, ಜುಲೈ ತಿಂಗಳಲ್ಲಿ, ಒಡೆದಿಟ್ಟ ಪ್ಯಾಕೆಟ್‌ನಿಂದ ತೆಗೆದ 7018 ಅಂಟಿಕೊಳ್ಳುತ್ತೆ, ತೂತೂ ಬೀಳುತ್ತೆ. ಆದರೆ ಅದು ರಾಡಿನ ತಪ್ಪಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪ್ರಶ್ನೆ ಓದಿದಾಗ ನನಗೆ ಅನ್ನಿಸಿದ್ದು, 70 ಅಂದರೆ 60ಕ್ಕಿಂತ ಗಟ್ಟಿ, ಅದಕ್ಕೇ ಡ್ರಾಯಿಂಗ್‌ನಲ್ಲಿ ಹಾಗೆ ಬರೆದಿದ್ದಾರೆ ಅಂತ ನೀವು ಅಂದುಕೊಂಡಿದ್ದೀರಿ. ಭೋಸರಿಯಲ್ಲಿ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ಇದನ್ನೇ ಹೇಳುತ್ತಾರೆ. ಸಂಖ್ಯೆಯ ಅರ್ಥವೇನೋ ಸರಿ: 60 ಅಂದರೆ ಚದರ ಇಂಚಿಗೆ 60,000 ಪೌಂಡ್ ಎಳೆತ ತಡೆಯುವ ಲೋಹ, 70 ಅಂದರೆ 70,000. ನಮ್ಮ ಲೆಕ್ಕದಲ್ಲಿ ಸುಮಾರು 430 ಮತ್ತು 490 ಎಂಪಿಎ (ಮೆಗಾಪಾಸ್ಕಲ್). ಮೂರನೇ ಅಂಕಿ 1 ಇದ್ದರೆ ಎಲ್ಲ ಪೊಸಿಶನ್‌ನಲ್ಲೂ ಹೊಡೆಯಬಹುದು. ಕೊನೆಯ ಅಂಕಿ ಮೇಲಿನ ಮಸಾಲೆಯದು, ಅಂದರೆ ಕೋಟಿಂಗ್ ಯಾವುದು, ಯಾವ ಕರೆಂಟ್ ಬೇಕು ಅನ್ನುವುದು.

ಈಗ ನಿಮ್ಮ ಉಕ್ಕು ನೋಡಿ. ಇ250 ಅಂದರೆ ಯೀಲ್ಡ್ (ಹಿಗ್ಗಿದ್ದು ಮತ್ತೆ ವಾಪಸ್ ಬಾರದ ಹಂತ) 250, ಕೊನೆಗೆ ಹರಿಯುವುದು 410 ಎಂಪಿಎಗೆ. 6013ರ 430 ಅದಕ್ಕಿಂತ ಜಾಸ್ತಿಯೇ ಇದೆ. ಇನ್ನೂ ಒಂದು ಮಾತು, ಉಕ್ಕಿನ ಕಟ್ಟಡಗಳ ಭಾರತೀಯ ಕೋಡ್ ಐಎಸ್ 800 ಪ್ರಕಾರ ಫಿಲೆಟ್ ವೆಲ್ಡಿನ (ಎರಡು ಪ್ಲೇಟ್ ಕೂಡುವ ಮೂಲೆ ತುಂಬುವ ವೆಲ್ಡ್) ಬಲ ಲೆಕ್ಕ ಹಾಕುವಾಗ ರಾಡಿನದು, ಪ್ಲೇಟಿನದು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕು. ನೀವು 7018 ಹಾಕಿ, 6013 ಹಾಕಿ, ಲೆಕ್ಕಕ್ಕೆ ಬರುವುದು ಪ್ಲೇಟಿನ 410. ಸೈಟಿನಲ್ಲಿ ಹೊಡೆದ 6 ಮಿಮೀ ಫಿಲೆಟ್ ತಗೊಳ್ಳಿ. ಥ್ರೋಟ್ (ಬಲದ ಲೆಕ್ಕಕ್ಕೆ ಹಿಡಿಯುವ ದಪ್ಪ) 0.7 ಪಟ್ಟು, ಅಂದರೆ 4.2 ಮಿಮೀ. 410ನ್ನು 1.732ರಿಂದಲೂ ಸೈಟ್ ವೆಲ್ಡಿನ ಸುರಕ್ಷತಾ ಅಂಶ 1.5ರಿಂದಲೂ ಭಾಗಿಸಿದರೆ 158 ಎಂಪಿಎ. ನೂರು ಮಿಮೀ ಉದ್ದಕ್ಕೆ ಸುಮಾರು 66 ಕಿಲೋನ್ಯೂಟನ್, ಹತ್ತಿರ ಹತ್ತಿರ ಆರೂಮುಕ್ಕಾಲು ಟನ್. ಅದೇ ವೆಲ್ಡನ್ನು ಶೆಡ್ಡಿನಲ್ಲಿ ಹೊಡೆದರೆ 1.5ರ ಜಾಗದಲ್ಲಿ 1.25 ಬರುತ್ತೆ, ಬಲ 79 ಕಿಲೋನ್ಯೂಟನ್‌ಗೆ ಏರುತ್ತೆ. ನೋಡಿ, ರಾಡ್ ಬದಲಿಸಿದ್ದಕ್ಕೆ ಏನೂ ಸಿಗಲಿಲ್ಲ, ಆದರೆ ಚಾಕಣ್‌ನಲ್ಲಿ ಏಣಿ ಮೇಲೆ ನಿಂತು ಹೊಡೆಯುವುದನ್ನು ಭೋಸರಿಯಲ್ಲಿ ನೆಲದ ಮೇಲೆ ಹೊಡೆದಿದ್ದಕ್ಕೆ ಇಷ್ಟು ಸಿಕ್ಕಿತು. ಆದಷ್ಟೂ ಕೆಲಸ ಶೆಡ್ಡಿನಲ್ಲೇ ಮುಗಿಸಿಕೊಂಡು ಹೋಗಿ.

ಹಾಗಾದರೆ 7018 ಯಾಕೆ? ನೀರಿನ ಕಾರಣಕ್ಕೆ.

6013ರ ಕೋಟಿಂಗ್ ರೂಟೈಲ್, ಅಂದರೆ ಹೆಚ್ಚಾಗಿ ಟೈಟೇನಿಯಂ ಡೈಆಕ್ಸೈಡ್. ಅದರಲ್ಲಿ ಸ್ವಲ್ಪ ತೇವ ಇರಲೇಬೇಕು, ಇದ್ದರೇನೇ ಅದು ಅಷ್ಟು ಸಲೀಸಾಗಿ ಉರಿಯುತ್ತೆ. ಆರ್ಕ್ ಬಿಸಿಗೆ ಆ ನೀರು ಒಡೆದು ಹೈಡ್ರೋಜನ್ ಆಗಿ ಕರಗಿದ ಉಕ್ಕಿನೊಳಗೆ ಸೇರುತ್ತೆ. 100 ಗ್ರಾಂ ವೆಲ್ಡ್ ಲೋಹಕ್ಕೆ 20 ಮಿಲಿಲೀಟರ್, ಅದಕ್ಕೂ ಮೇಲೆ ಹೋಗುವುದು ಮಾಮೂಲಿ. 7018ರದು ಬೇಸಿಕ್ ಕೋಟಿಂಗ್, ಸುಣ್ಣದ ಕಲ್ಲು ಮತ್ತು ಫ್ಲೋರ್‌ಸ್ಪಾರ್, ಜತೆಗೆ ಕಬ್ಬಿಣದ ಪುಡಿ. ಕಾರ್ಖಾನೆಯಲ್ಲೇ ಚೆನ್ನಾಗಿ ಸುಟ್ಟು ಒಣಗಿಸಿರುತ್ತಾರೆ. ಪ್ಯಾಕೆಟ್ ಮೇಲೆ ಎಚ್4 ಅಂತಿದ್ದರೆ ಅದೇ 100 ಗ್ರಾಂಗೆ 4 ಮಿಲಿಲೀಟರ್ ಒಳಗೆ ಅಂತ ಅರ್ಥ.

ಹೈಡ್ರೋಜನ್ ಇದ್ದರೆ ಏನಾಗುತ್ತೆ ಅಂತ ಕೇಳಬಹುದು. ತೆಳು ಪ್ಲೇಟಿನಲ್ಲಿ ಏನೂ ಆಗಲ್ಲ, ಮೆಲ್ಲಗೆ ಹೊರಗೆ ಹೋಗಿಬಿಡುತ್ತೆ. ನಿಮ್ಮ ಗೇಟು ಗ್ರಿಲ್ಲು ಇಷ್ಟು ವರ್ಷ ಬಿಡದೆ ನಿಂತಿರುವುದು ಅದಕ್ಕೇ. ಆದರೆ 25 ಮಿಮೀ ಪ್ಲೇಟ್ ಅನ್ನುವುದು ಬಿಸಿಯನ್ನು ಹೀರುವ ಬಂಡೆ. ವೆಲ್ಡ್ ಹೊಡೆದ ಮರುಕ್ಷಣವೇ ಶಾಖವನ್ನು ಎಳೆದುಕೊಳ್ಳುತ್ತೆ, ಪಕ್ಕದ ಉಕ್ಕು ಗಬಕ್ಕನೆ ತಣ್ಣಗಾಗಿ ಬಿರುಸಾಗುತ್ತೆ. ಆ ಬಿರುಸು ಜಾಗದಲ್ಲಿ ಹೈಡ್ರೋಜನ್ ಸಿಕ್ಕಿಕೊಂಡಿರುತ್ತೆ, ದಪ್ಪ ಪ್ಲೇಟ್ ಅಲ್ಲಾಡದ ಕಾರಣ ಎಳೆತವೂ ಇರುತ್ತೆ. ಈ ಮೂರೂ ಒಂದೇ ಜಾಗದಲ್ಲಿ ಕೂಡಿದರೆ ಬಿರುಕು. ಅದೂ ತಕ್ಷಣ ಅಲ್ಲ, ಕೆಲವು ಗಂಟೆ ಬಿಟ್ಟು, ಒಮ್ಮೊಮ್ಮೆ ಎರಡು ದಿನ ಬಿಟ್ಟು.

ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. ಸುಮಾರು ವರ್ಷದ ಹಿಂದೆ ಕ್ರೇನ್ ಹಳಿಯ ಬ್ರಾಕೆಟ್‌ಗಳ ಕೆಲಸ ಹಿಡಿದಿದ್ದೆ, 32 ಮಿಮೀ ಪ್ಲೇಟ್, ಇ350. ರಾಡ್ ಸರಿಯಾಗಿಯೇ ತಂದಿದ್ದೆ, 7018. ಆದರೆ ಮಳೆಗಾಲ. ಪ್ಯಾಕೆಟ್ ಒಡೆದು ಶೆಡ್ಡಿನ ಮೂಲೆಯಲ್ಲಿ ಸಿಮೆಂಟ್ ನೆಲದ ಮೇಲೆ ಇಟ್ಟಿದ್ದೆವು, ಮೂರು ದಿನ ಅಲ್ಲೇ ಇದ್ದವು. ರಾಡ್ ಒಣಗಿಡುವ ಓವನ್ ಇತ್ತು, ಅದರೊಳಗೆ ಹುಡುಗರ ಟಿಫಿನ್ ಡಬ್ಬಿ ಬಿಸಿಯಾಗುತ್ತಿತ್ತು. ಶನಿವಾರ ವೆಲ್ಡ್ ಮುಗಿಯಿತು, ನೋಡಲು ಎಷ್ಟು ಚೆಂದ ಅಂದರೆ ನಾನೇ ಫೋಟೋ ಹೊಡೆದುಕೊಂಡೆ. ಸೋಮವಾರ ಇನ್‌ಸ್ಪೆಕ್ಟರ್ ಬಂದು ಕೆಂಪು ಡೈ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರು. ಎರಡು ನಿಮಿಷಕ್ಕೆ ವೆಲ್ಡಿನ ಅಂಚಿನಗುಂಟ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು. ಹನ್ನೆರಡು ಬ್ರಾಕೆಟ್‌ನಲ್ಲಿ ಐದು ಹೋದವು. ಗ್ರೈಂಡರ್ ಹಿಡಿದು ಅಷ್ಟನ್ನೂ ಕಿತ್ತು, ಪ್ಲೇಟ್ ಕಾಯಿಸಿ, ಮತ್ತೆ ಹೊಡೆಯುವಷ್ಟರಲ್ಲಿ ಆ ಕೆಲಸದ ಲಾಭ ಪೂರ್ತಿ ಮುಗಿದಿತ್ತು. ಹಾಗಾಗಿ ಹೇಳುತ್ತೇನೆ, ಒದ್ದೆ 7018 ಹಾಕಿ ನಾನು 7018 ಹಾಕಿದ್ದೇನೆ ಅಂದುಕೊಳ್ಳುವವನು ತನಗೇ ಮೋಸ ಮಾಡಿಕೊಳ್ಳುತ್ತಾನೆ. ದುಡ್ಡು 7018ಕ್ಕೆ ಕೊಟ್ಟು, ಹೈಡ್ರೋಜನ್ ಬೇರೆ ರಾಡಿನದು ತಗೊಂಡ ಹಾಗೆ.

ಅಮೆರಿಕದವರ ಡಿ1.1 ವೆಲ್ಡಿಂಗ್ ಕೋಡ್‌ನಲ್ಲಿ ಪ್ಲೇಟನ್ನು ಮೊದಲು ಎಷ್ಟು ಕಾಯಿಸಬೇಕು ಅನ್ನುವ ಕೋಷ್ಟಕವಿದೆ. ಮಾಮೂಲಿ ಮೈಲ್ಡ್ ಸ್ಟೀಲು, ದಪ್ಪ 20ರಿಂದ 38 ಮಿಮೀ ಒಳಗೆ ಅಂದುಕೊಳ್ಳಿ. ಲೋ ಹೈಡ್ರೋಜನ್ ಅಲ್ಲದ ರಾಡ್ ಆದರೆ ಪ್ಲೇಟ್ 65 ಡಿಗ್ರಿ ಬಿಸಿ ಇರಬೇಕು. ಲೋ ಹೈಡ್ರೋಜನ್ ರಾಡ್ ಆದರೆ 10 ಡಿಗ್ರಿ ಸಾಕು. ಪುಣೆಯ ಮಳೆಗಾಲದಲ್ಲಿ 10 ಡಿಗ್ರಿ ಬೇಕೆಂದರೂ ಸಿಗಲ್ಲ. ಅಂದರೆ ನಿಮ್ಮ ಬೇಸ್ ಪ್ಲೇಟಿಗೆ 6013 ಹಾಕಲೇಬೇಕು ಅಂತ ಹಟ ಹಿಡಿದರೆ ಪ್ರತಿ ಪ್ಲೇಟನ್ನೂ ಗ್ಯಾಸ್ ಟಾರ್ಚ್ ಹಿಡಿದು ಕಾಯಿಸಿ, ಟೆಂಪರೇಚರ್ ಚಾಕ್‌ನಿಂದ ಗೀಚಿ ನೋಡಿ, ಆಮೇಲೆ ಹೊಡೆಯಬೇಕು. ಅದಕ್ಕಿಂತ 7018 ಹೊಡೆಯುವುದೇ ಅಗ್ಗ, ಅಲ್ವಾ?

ಇನ್ನೊಂದು ವಿಷಯ, ಬಾಗುವ ಗುಣ. ಎಳೆದು ನೋಡುವ ಪರೀಕ್ಷೆಯಲ್ಲಿ 6013ರ ಲೋಹ ಹರಿಯುವ ಮೊದಲು ಕನಿಷ್ಠ 17 ಶೇಕಡಾ ಹಿಗ್ಗಬೇಕು, 7018ರದು 22. ಏಟು ತಡೆಯುವ ಪರೀಕ್ಷೆಯಂತೂ 6013ಕ್ಕೆ ಇಲ್ಲವೇ ಇಲ್ಲ. ಗೋದಾಮಿನಲ್ಲಿ ನಾಳೆ ಫೋರ್ಕ್‌ಲಿಫ್ಟ್ ರಿವರ್ಸ್ ಬಂದು ಕಂಬಕ್ಕೆ ಗುದ್ದುವುದಿಲ್ಲ ಅಂತ ಯಾರು ಹೇಳಿದರು?

ಹಾಗಾಗಿ ನನ್ನ ಉತ್ತರ ಇಷ್ಟು. ಕಂಬ, ಬೇಸ್ ಪ್ಲೇಟ್, ಗಸೆಟ್ (ಜೋಡಣೆಗೆ ಬಲ ಕೊಡುವ ಪ್ಲೇಟ್), ತೊಲೆ ಕಂಬಕ್ಕೆ ಸೇರುವ ಜಾಗ, ತೊಲೆಯ ಜೋಡಣೆ, ಇವೆಲ್ಲ 7018, ಮರುಮಾತಿಲ್ಲ. ಟ್ಯಾಕ್ (ಮೊದಲು ಹಿಡಿದಿಡಲು ಹಾಕುವ ಚುಕ್ಕೆ ವೆಲ್ಡ್) ಕೂಡ 7018ರಲ್ಲೇ, ಯಾಕಂದರೆ ದಪ್ಪ ಪ್ಲೇಟಿನ ಮೇಲೆ 6013ರ ಚಿಕ್ಕ ಟ್ಯಾಕ್ ಎಲ್ಲಕ್ಕಿಂತ ಬೇಗ ತಣ್ಣಗಾಗುತ್ತೆ, ಬಿರುಕು ಅಲ್ಲಿಂದಲೇ ಶುರುವಾಗುತ್ತೆ. ಚೆಕರ್ಡ್ ಪ್ಲೇಟ್ ಮತ್ತು ರೇಲಿಂಗ್‌ಗೆ 6013 ಧಾರಾಳ ಸಾಕು, ಆದರೆ ಡ್ರಾಯಿಂಗ್‌ನಲ್ಲಿ ಎಲ್ಲ ವೆಲ್ಡಿಗೂ 7018 ಅಂತಿರುವಾಗ ನೀವಾಗಿಯೇ ಬದಲಿಸಬೇಡಿ. ಕನ್ಸಲ್ಟಂಟ್‌ಗೆ ಕೇಳಿ, ವಾಟ್ಸಾಪ್‌ನಲ್ಲಾದರೂ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಕೇಳಿದರೆ ಬಹಳ ಜನ ಒಪ್ಪುತ್ತಾರೆ. ಅವರು ಎಲ್ಲಕ್ಕೂ ಒಂದೇ ರಾಡ್ ಬರೆಯುವುದಕ್ಕೂ ಕಾರಣ ಇದೆ, ಸೈಟಿನಲ್ಲಿ ಎರಡು ಥರ ರಾಡ್ ಇದ್ದರೆ ಸಂಜೆ ನಾಲ್ಕು ಗಂಟೆಗೆ ಯಾವುದು ಕೈಗೆ ಸಿಕ್ಕಿತೋ ಅದೇ ಹೋಲ್ಡರ್‌ಗೆ ಹೋಗುತ್ತೆ. ಎರಡೂ ಇಡುವುದಾದರೆ 6013ರ ಡಬ್ಬಿ ಮೇಲಿನ ಮಹಡಿಯಲ್ಲೇ ಇರಲಿ, ಕಂಬದ ಹತ್ತಿರ ಬರುವುದು ಬೇಡ.

ಈಗ ವೆಲ್ಡರ್ ಹೇಳಿದ ಅಂಟು ಮತ್ತು ತೂತು.

ಅಂಟುವುದು ಮಶೀನಿನಿಂದ. 7018 ಎಸಿ ಮೇಲೂ ಓಡುತ್ತೆ, ಆದರೆ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಆರ್ಕ್ ಹೊತ್ತುವ ಮೊದಲಿನ ವೋಲ್ಟೇಜ್) 70ರ ಮೇಲಿರಬೇಕು. ಗ್ರಿಲ್ ಕೆಲಸದ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಹಲವು 50ರ ಆಸುಪಾಸಿನಲ್ಲೇ ಇರುತ್ತವೆ, 6013ಗೆ ಅಷ್ಟು ಸಾಕು. ಮಲ್ಟಿಮೀಟರ್ ಇದ್ದರೆ ರಾಡ್ ಮುಟ್ಟಿಸದೆ ಹೋಲ್ಡರ್ ಮತ್ತು ಅರ್ಥಿಂಗ್ ನಡುವೆ ನೋಡಿ, ಗೊತ್ತಾಗುತ್ತೆ. ಒಳ್ಳೆಯ ದಾರಿ ಅಂದರೆ ಡಿಸಿ ಇನ್ವರ್ಟರ್ ಅಥವಾ ರೆಕ್ಟಿಫೈಯರ್, 250 ಆಂಪಿಯರ್‌ನದು. ಕೊಳ್ಳಬೇಕು ಅಂತಿಲ್ಲ, ಈ ಕೆಲಸದ ಮಟ್ಟಿಗೆ ಬಾಡಿಗೆಗೆ ತನ್ನಿ. ಹೋಲ್ಡರ್ ಪ್ಲಸ್‌ಗೆ, ಅರ್ಥಿಂಗ್ ಮೈನಸ್‌ಗೆ. ಇದನ್ನು ಉಲ್ಟಾ ಹಾಕಿಕೊಂಡು ರಾಡನ್ನು ಬೈಯುವವರನ್ನು ಬಹಳ ನೋಡಿದ್ದೇನೆ.

ತೂತು ಬೀಳುವುದಕ್ಕೆ ಒಂದು ಕಾರಣ ತೇವ, ಇನ್ನೊಂದು ಕೈ. ಹನ್ನೆರಡು ವರ್ಷ 6013 ಹೊಡೆದ ಕೈಗೆ ಆರ್ಕ್ ಹಚ್ಚಿ ಸ್ವಲ್ಪ ಎತ್ತಿ ಹಿಡಿದು ಕಾಯಿಸುವ ಅಭ್ಯಾಸ ಇರುತ್ತೆ. 7018ಕ್ಕೆ ಅದು ಆಗಲ್ಲ. ಆರ್ಕ್ ಉದ್ದವಾದ ಕೂಡಲೇ ಗಾಳಿ ಒಳಗೆ ನುಗ್ಗುತ್ತೆ. ಕೋಟಿಂಗ್‌ನ ಅಂಚು ಕರಗಿದ ಕೆರೆಗೆ ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು ಸಾಗಬೇಕು, ಹಿಂದೆ ಮುಂದೆ ಜಗ್ಗಬಾರದು. ಶುರು ಮಾಡುವಾಗ ಹಳೆಯ ಕುಳಿಯಲ್ಲೇ ಗೀರಬೇಡ ಅಂತ ಹೇಳಿ. ಹತ್ತು ಮಿಮೀ ಮುಂದೆ ಹೊತ್ತಿಸಿ, ಹಿಂದಕ್ಕೆ ಬಂದು ಕುಳಿ ತುಂಬಿ, ಮತ್ತೆ ಮುಂದೆ ಹೋಗಬೇಕು. ಆಗ ಹೊತ್ತಿಸಿದ ಜಾಗದ ಸಣ್ಣ ತೂತುಗಳು ಮೇಲಿಂದ ಹಾಯುವಾಗ ಕರಗಿ ಹೋಗುತ್ತವೆ. ಅರ್ಧ ಉರಿದ 7018ರ ತುದಿಗೆ ಗಾಜಿನಂಥ ಟೋಪಿ ಕೂತಿರುತ್ತೆ, ಅದನ್ನು ಫೈಲಿಗೆ ಉಜ್ಜಿ ಬಿಡಿಸಿದರೆ ಮತ್ತೆ ಹೊತ್ತುತ್ತೆ. ಸಿಟ್ಟಿನಿಂದ ಪ್ಲೇಟಿಗೆ ಕುಟ್ಟಿದರೆ ಕೋಟಿಂಗ್ ಉದುರಿ, ಆ ಬೋಳು ತುದಿಯಿಂದಲೇ ತೂತು ಶುರು.

ಕಂಬದ ಉದ್ದಕ್ಕೆ ಇಳಿಮುಖವಾಗಿ ಸರ್ರನೆ ಎಳೆಯುವ ಚಾಳಿ ಇದ್ದರೆ ಬಿಡಿಸಿ. ತೆಳು ಪತ್ರಾಕ್ಕೆ 6013ರಲ್ಲಿ ಅದು ನಡೆಯುತ್ತೆ. ಇಲ್ಲಿ ಕೆಳಗಿಂದ ಮೇಲಕ್ಕೇ ಹೋಗಬೇಕು. ನಿಧಾನ ಆಗುತ್ತೆ, ಆಗಲಿ.

ಒಣಗಿಸುವ ವಿಷಯ. ಪ್ಯಾಕೆಟ್ ಒಡೆದ ಮೇಲೆ 7018 ಇರಬೇಕಾದ ಜಾಗ 120ರಿಂದ 150 ಡಿಗ್ರಿಯ ಓವನ್. ಹೊರಗೆ ತೆಗೆದ ರಾಡ್ ಅದೇ ಡಿ1.1 ಪ್ರಕಾರ ಸಾಮಾನ್ಯ 7018 ಆದರೆ 4 ಗಂಟೆಯೊಳಗೆ ಮುಗಿಯಬೇಕು. ವೆಲ್ಡರ್ ಪಕ್ಕದಲ್ಲಿ ಐದು ಕಿಲೋದ ಪೋರ್ಟಬಲ್ ಓವನ್ ಇಡಿ, ಅದರಿಂದ ಒಂದೊಂದೇ ತೆಗೆಯಲಿ, ಕಂಕುಳಲ್ಲಿ ಕಟ್ಟು ಹಿಡಿದು ಏಣಿ ಹತ್ತುವುದು ಬೇಡ. ಗಡುವು ಮೀರಿದ್ದನ್ನು ಮತ್ತೆ ಸುಡಬಹುದು, ಡಿಗ್ರಿ ಎಷ್ಟು, ಎಷ್ಟು ಹೊತ್ತು ಅನ್ನುವುದು ಪ್ಯಾಕೆಟ್ ಮೇಲೇ ಇರುತ್ತೆ. ಡಿ1.1 ಹೇಳುವುದು 260ರಿಂದ 430 ಡಿಗ್ರಿಯಲ್ಲಿ ಕನಿಷ್ಠ ಎರಡು ಗಂಟೆ. ಒಂದೇ ಸಲ, ಎರಡನೇ ಸಲ ಇಲ್ಲ. ನೀರು ಬಿದ್ದು ನೆಂದದ್ದನ್ನು ಸುಡಲೂ ಹೋಗಬೇಡಿ, ಎಸೆಯಿರಿ. ನಿಮ್ಮ ಪೋರ್ಟಬಲ್ ಓವನ್ ಅಷ್ಟು ಬಿಸಿ ಏರಲ್ಲ, ಅದು ಬರೀ ಬೆಚ್ಚಗಿಡುವುದಕ್ಕೆ. ಸುಡಲು ದೊಡ್ಡ ಓವನ್ ಬೇಕು, ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಯಾವುದಾದರೂ ದೊಡ್ಡ ಫ್ಯಾಬ್ರಿಕೇಶನ್ ಶಾಪಿನವರನ್ನು ಕೇಳಿದರೆ ಮಾಡಿಕೊಡುತ್ತಾರೆ. ಅಲ್ಲಿಗೆ 6013 ಕಳಿಸಬೇಡಿ ಮತ್ತೆ. ಅದಕ್ಕೆ 100-110 ಡಿಗ್ರಿಯಲ್ಲಿ ಒಂದು ಗಂಟೆ ಸಾಕು, ಜಾಸ್ತಿ ಸುಟ್ಟರೆ ಆರ್ಕ್ ಕೆಟ್ಟು ಹೋಗುತ್ತೆ.

ಒದ್ದೆ ರಾಡ್ ಗುರುತಿಸುವ ಹಳೇ ಉಪಾಯ ಒಂದಿದೆ. ಎರಡು ರಾಡ್ ಕೈಯಲ್ಲಿ ಹಿಡಿದು ಒಂದಕ್ಕೊಂದು ತಾಗಿಸಿ. ಒಣಗಿದ್ದು ಟಿಣ್ ಅನ್ನುತ್ತೆ, ಒದ್ದೆಯದು ಡಬ್ ಅನ್ನುತ್ತೆ. ಹೋಲ್ಡರ್ ಹಿಡಿಯುವ ತುದಿಯಲ್ಲಿ ತುಕ್ಕು ಕಂಡರೆ, ಕೋಟಿಂಗ್ ಮೇಲೆ ಬಿಳಿ ಬೂದಿಯಂತೆ ಎದ್ದಿದ್ದರೆ ಕೆಲಸ ಕೆಟ್ಟಿದೆ ಅಂತ ಲೆಕ್ಕ. ಟಿಣ್ ಅಂದಿತು ಅಂತ ಎಚ್4 ಆಯಿತು ಅಂದುಕೊಳ್ಳಬೇಡಿ, ಅಷ್ಟು ಸಣ್ಣ ತೇವ ಕಿವಿಗೆ ಕೇಳಲ್ಲ.

ಸೈಜಿಗೆ ಬರೋಣ. ಅಂಗಡಿಯವರು ಹತ್ತು ನಂಬರ್ ಅನ್ನುವುದು 3.15 ಮಿಮೀಗೆ, ಎಂಟು ನಂಬರ್ ಅಂದರೆ 4 ಮಿಮೀ, ಹನ್ನೆರಡು ಅಂದರೆ 2.5. ನಿಮ್ಮ ಕೆಲಸದ ಮುಕ್ಕಾಲು ಪಾಲು 3.15ರಲ್ಲೇ ಆಗುತ್ತೆ, 100ರಿಂದ 140 ಆಂಪಿಯರ್, ಮೇಲ್ಮುಖ ಹೊಡೆಯುವಾಗ 110ರ ಆಸುಪಾಸು. ಶೆಡ್ಡಿನಲ್ಲಿ ಕಂಬ ಮಲಗಿಸಿ ಬೇಸ್ ಪ್ಲೇಟ್ ಹೊಡೆಯುವಾಗ ಮೊದಲ ರನ್ 3.15, ಮೇಲಿನದಕ್ಕೆ 4 ಮಿಮೀ, 140ರಿಂದ 180. ಐಎಸ್ 800 ಪ್ರಕಾರ 25 ಮಿಮೀ ಪ್ಲೇಟಿಗೆ ಫಿಲೆಟ್ 6 ಮಿಮೀಗಿಂತ ಕಡಿಮೆ ಇರಬಾರದು. ಡ್ರಾಯಿಂಗ್‌ನಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ ಅದೇ. ಫಿಲೆಟ್ ಗೇಜ್ ಒಂದು ತಗೊಳ್ಳಿ, ಕಣ್ಣಳತೆ ನಂಬಬೇಡಿ. 2.5 ತರುವುದೇ ಆದರೆ ರೇಲಿಂಗ್ ಪೈಪಿಗೆ 6013ರಲ್ಲಿ ತನ್ನಿ. ಪೈಪು ಗ್ಯಾಲ್ವನೈಸ್ ಆಗಿದ್ದರೆ ವೆಲ್ಡ್ ಜಾಗದ ಸತುವನ್ನು ಗ್ರೈಂಡ್ ಮಾಡಿ ತೆಗೆಯಿರಿ, ಆ ಬಿಳಿ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಬರುತ್ತೆ.

ಕೊಳ್ಳುವಾಗ ಯಾವ ಕಂಪನಿ ಅನ್ನುವುದಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳಲ್ಲ. ಅಡೋರ್, ಈಸಾಬ್, ಡಿ ಅಂಡ್ ಎಚ್ ಯಾವುದಾದರೂ ಆಗುತ್ತೆ. ಸೀಲ್ ಒಡೆಯದ ಪ್ಯಾಕೆಟ್ ಇರಲಿ, ವ್ಯಾಕ್ಯೂಮ್ ಪ್ಯಾಕ್ ಸಿಕ್ಕರೆ ಇನ್ನೂ ಒಳ್ಳೆಯದು. ವೆಲ್ಡಿಂಗ್ ರಾಡಿನ ಭಾರತೀಯ ಮಾನಕ ಐಎಸ್ 814ರ ಮುದ್ರೆ ನೋಡಿ, ಬ್ಯಾಚ್ ನಂಬರ್ ಬರೆದುಕೊಳ್ಳಿ, ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಬಿಡಿಬಿಡಿಯಾಗಿ ತೂಗಿ ಕೊಡುವ ರಾಡ್ ಎಷ್ಟೇ ಸೋವಿ ಇರಲಿ, ಈ ಕೆಲಸಕ್ಕೆ ಬೇಡ.

ಕೆಲಸ ಶುರು ಮಾಡುವ ಮೊದಲು ವೆಲ್ಡರ್‌ಗೆ ಎರಡು ದಿನ ಕೊಡಿ. ಹನ್ನೆರಡು ಮಿಮೀ ಪ್ಲೇಟಿನ ಎರಡು ತುಂಡು ತಗೊಂಡು ಇಂಗ್ಲಿಷ್ ಟಿ ಥರ ನಿಲ್ಲಿಸಿ, ಒಂದೇ ಕಡೆ 7018ರಲ್ಲಿ ಫಿಲೆಟ್ ಹೊಡೆಸಿ, ತಣ್ಣಗಾದ ಮೇಲೆ ಸುತ್ತಿಗೆಯಿಂದ ವೆಲ್ಡಿನ ಕಡೆಗೇ ಮಡಚಿ ಒಡೆದು ಒಳಗೆ ನೋಡಲಿ. ಬುಡದವರೆಗೆ ಕರಗಿದೆಯಾ, ಸ್ಲ್ಯಾಗ್ (ವೆಲ್ಡ್ ಮೇಲೆ ಕೂರುವ ಕಿಟ್ಟ) ಸಿಕ್ಕಿಕೊಂಡಿದೆಯಾ, ತೂತು ಎಲ್ಲಿದೆ, ಎಲ್ಲ ಕಣ್ಣಿಗೇ ಕಾಣುತ್ತೆ. ನೀವು ನೂರು ಸಲ ಹೇಳುವುದಕ್ಕಿಂತ ಅವನು ಒಮ್ಮೆ ಒಡೆದು ನೋಡಿದರೆ ಕೈ ತಾನೇ ತಿದ್ದಿಕೊಳ್ಳುತ್ತೆ. ಬಹಳ ಜನ ಎರಡನೇ ದಿನ ಸಂಜೆಗೆ 7018ನ್ನೇ ಇಷ್ಟಪಡಲು ಶುರು ಮಾಡುತ್ತಾರೆ, ಅದರ ಸ್ಲ್ಯಾಗ್ ಅಷ್ಟು ಚೆನ್ನಾಗಿ ಬಿಡುತ್ತೆ.

ಒಂದು ಮರೆತಿದ್ದೆ. ನಮ್ಮಲ್ಲಿ ಗುರುವಾರ ಕರೆಂಟ್ ರಜೆ. ಬುಧವಾರ ಸಂಜೆ ಓವನ್‌ನಲ್ಲಿ ಉಳಿದ ರಾಡ್ ಅಲ್ಲೇ ತಣ್ಣಗಾಗಿ ಶುಕ್ರವಾರದವರೆಗೆ ಕೂರುತ್ತೆ. ಅದನ್ನು ಶುಕ್ರವಾರ ಹಾಗೇ ಎತ್ತಿ ಹೊಡೆಯಬೇಡಿ. ಬುಧವಾರ ಬೇಕಾದಷ್ಟೇ ಒಡೆಯಿರಿ. ಉಳಿದರೆ ತುದಿಗೆ ಕೆಂಪು ಪೇಂಟ್ ಹಚ್ಚಿ ಬೇರೆ ಇಡಿ, ಒಮ್ಮೆ ಸುಟ್ಟು ಬಂದ ಮೇಲೆ ಬಳಸಿ, ಕೆಂಪು ಇರುವುದು ಮತ್ತೆ ಉಳಿದರೆ ಅದು ಹಂದರಕ್ಕೆ ಟ್ಯಾಕ್ ಹಾಕಲು ಹೋಗಲಿ.